ಲಾರಿಗೊಂದು ಒಳಗವಸು

ಹೊಲಿಗೆ ಬಲ್ಲವಳಿಗೆ ಈ ಜಗತ್ತಿನಲ್ಲಿ ಪರಿಹಾರವಿಲ್ಲದ ಸಮಸ್ಯೆಯೇ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಆ ನಂಬಿಕೆಯ ಬಲದ ಮೇಲೆಯೇ ಒಂದು ದಿನ ಊಟಕ್ಕೆ ಕೂತಿದ್ದಾಗ, ನಮ್ಮ ಲಾರಿಯ ಕ್ಯಾಬಿನ್ ಸೋರುವುದನ್ನು ನಾನೇ ನಿಲ್ಲಿಸುತ್ತೇನೆ ಎಂದು ಘೋಷಿಸಿದೆ. ನಮ್ಮ ಯಜಮಾನರು ಊಟ ನಿಲ್ಲಿಸಲಿಲ್ಲ. ಅತ್ತೆ ಮಾತ್ರ ತಲೆಯೆತ್ತಿ ನೋಡಿದರು.

"ಲಾರಿ ಪಾಪ ನಿನಗೇನು ಮಾಡ್ತಮ್ಮ?" ಎಂದು ಕೇಳಿದರು.

ನನ್ನ ಕಸುಬು ಗವಸು ಹೊಲಿಯುವುದು. ದಿಂಬು, ಹಾಸಿಗೆ, ಸೋಫಾ, ಕುರ್ಚಿ, ಫ್ರಿಜ್ಜು, ಹೀಗೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಗವಸು ತೊಡಿಸಿದ್ದೇನೆ. ಬೀದಿಯ ಜನ ನನ್ನನ್ನು ಗವಸಮ್ಮ ಎಂದೇ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಬತ್ತಲೆ ಉಳಿದಿರುವುದು ಗೋಡೆ ಗಡಿಯಾರ ಒಂದೇ, ಅದೂ ಆಗಾಗ ಹೊತ್ತು ನೋಡಬೇಕಲ್ಲ ಎಂಬ ಕಾರಣಕ್ಕೆ. ಟೀವಿಯ ರಿಮೋಟಿಗೆ ನಾನು ಹೊಲಿದ ಗವಸು ಎಷ್ಟು ಭದ್ರವೆಂದರೆ, ಮೇಲಿನಿಂದ ಎಷ್ಟು ಒತ್ತಿದರೂ ಚಾನೆಲ್ ಬದಲಾಗುವುದಿಲ್ಲ. ಅತ್ತೆ ಬಹಳ ಕಾಲದಿಂದ ಒಂದೇ ಚಾನೆಲ್ ನೋಡುತ್ತಿದ್ದಾರೆ. ಅದು ಸುದ್ದಿಯ ಚಾನೆಲ್ಲಾದ್ದರಿಂದ ಅವರಿಗೆ ಹವಾಮಾನದ ವಿಷಯದಲ್ಲಿ ಅಪಾರ ತಿಳಿವಳಿಕೆ ಬಂದಿದೆ.

ಯಜಮಾನರದು ಲಾರಿ ಓಡಿಸುವ ಕೆಲಸ. ಪೀಠೋಪಕರಣದ ಅಂಗಡಿಯಿಂದ ಮಂಚ, ಬೀರು, ಮೇಜುಗಳನ್ನು ಹೇರಿಕೊಂಡು ಹೋಗಿ ಗಿರಾಕಿಗಳ ಮನೆಗೆ ಮುಟ್ಟಿಸುತ್ತಾರೆ. ಲಾರಿ ನಮ್ಮ ಸ್ವಂತದ್ದು, ಹಳೆಯದು. ಬಿಡಿಭಾಗ ಕೇಳಲು ಹೋದರೆ ಅಂಗಡಿಯವರು, ಮರೆತೇ ಹೋಗಿದ್ದ ದೊಡ್ಡಪ್ಪನ ಸುದ್ದಿ ಕೇಳಿದವರಂತೆ, "ಇನ್ನೂ ಇದೆಯಾ?" ಎನ್ನುತ್ತಾರೆ. ಎಂಜಿನ್ ಗಟ್ಟಿಯಾಗಿದೆ. ಹಿಂದಿನ ಡಬ್ಬಿಗೂ ಏನೂ ಆಗಿಲ್ಲ, ಗಿರಾಕಿಗಳ ಮಂಚ ಮಳೆಯಲ್ಲೂ ಒಣಗಿಯೇ ತಲುಪುತ್ತದೆ. ಸೋರುವುದು ಡ್ರೈವರ್ ಕೂರುವ ಕ್ಯಾಬಿನ್ ಮಾತ್ರ. ಮಳೆ ಬಂದರೆ ಚಾವಣಿಯ ಎಲ್ಲೋ ಒಂದು ಕಡೆಯಿಂದ ನೀರು ಒಳಗೆ ನುಗ್ಗಿ, ತಗಡಿನ ಅಡಿಯಲ್ಲೇ ತೆವಳಿಕೊಂಡು ಬಂದು, ಸರಿಯಾಗಿ ಯಜಮಾನರ ಎಡ ಹೆಗಲ ಮೇಲೆ ತೊಟ್ಟಿಕ್ಕುತ್ತದೆ. ಅವರು ಸರಿದು ಕೂತರೆ ಅದೂ ಸರಿಯುತ್ತದೆ. ಒಬ್ಬ ಮೆಕ್ಯಾನಿಕ್ ಬೆಳಗಿನಿಂದ ಸಂಜೆಯವರೆಗೆ ಚಾವಣಿಯ ಮೇಲೆ ಬೋರಲು ಮಲಗಿ ತೂತು ಹುಡುಕಿದ. ಕೊನೆಗೆ, "ನೀರು ಬರೋ ದಾರಿ ನೀರಿಗೇ ಗೊತ್ತು," ಎಂದು ಹೇಳಿ ಇಳಿದು ಹೋದ. ಯಜಮಾನರು ಹೆಗಲ ಮೇಲೊಂದು ಟವಲ್ ಹಾಕಿಕೊಂಡು ಆ ಹನಿಯ ಜೊತೆ ಬಾಳುವುದನ್ನು ಕಲಿತರು. ಅವರ ಅಂಗಿಗಳೆಲ್ಲ ಎಡ ತೋಳಿನಲ್ಲಿ ಮಾತ್ರ ಬಣ್ಣ ಬಿಟ್ಟಿವೆ.

ಇಷ್ಟು ದಿನ ಸುಮ್ಮನಿದ್ದವಳು ಈಗ ಟೊಂಕ ಕಟ್ಟಿ ನಿಲ್ಲಲು ಕಾರಣವಿತ್ತು. ನಮ್ಮೂರ ಹೊರಗಿನ ಗುಡ್ಡದ ಮೇಲೆ ಒಂದು ದೊಡ್ಡ ಸಭಾಂಗಣವಿದೆ. ಅದರ ವೇದಿಕೆಯ ಪರದೆ ಹರಿದುಹೋಗಿತ್ತು. ಹೊಸದನ್ನು ಯಾರಿಂದ ಹೊಲಿಸಬೇಕೆಂದು ಅಲ್ಲಿನ ಮ್ಯಾನೇಜರು ಊರೆಲ್ಲ ವಿಚಾರಿಸುತ್ತ ನನ್ನ ತನಕ ಬಂದಿದ್ದರು. ಜೀವಮಾನವೆಲ್ಲ ದಿಂಬಿನ ಬಾಯಿ ಮುಚ್ಚಿದವಳಿಗೆ ಒಂದು ವೇದಿಕೆಯ ಬಾಯಿ ಮುಚ್ಚುವ ಯೋಗ. ಮುಂದಿನ ವಾರ ಮನೆಗೆ ಬಂದು ಬಟ್ಟೆಯ ಮಾದರಿ ನೋಡುವುದಾಗಿಯೂ, ಒಪ್ಪಿಗೆಯಾದರೆ ಅಲ್ಲಿಂದಲೇ ಸಭಾಂಗಣಕ್ಕೆ ಹೋಗಿ ಅಳತೆ ತೆಗೆಯುವುದೆಂದೂ ಅವರು ಫೋನಿನಲ್ಲಿ ತಿಳಿಸಿದರು. "ನಿಮ್ಮ ಹತ್ರ ಗಾಡಿ ಇದೆಯಂತಲ್ಲ, ಅದರಲ್ಲೇ ಹೋಗಿ ಬರೋಣ," ಎಂದರು. ನಾನು ಸಂತೋಷದಲ್ಲಿ ಹೂಂ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಹೊರಗೆ ನೋಡಿದೆ. ಮಳೆ ಬರುತ್ತಿತ್ತು.

"ಅವರ ಮೇಲೆ ಒಂದು ಹನಿ ಬಿದ್ರೂ ನನ್ನ ಮಾನ ಹೋಗುತ್ತೆ ರೀ," ಎಂದೆ.

"ಟವಲ್ ಕೊಡೋಣ," ಎಂದರು ಯಜಮಾನರು.

"ಗಿರಾಕಿಗೆ ಟವಲ್ ಹೊದಿಸೋಕೆ ನಾವೇನು ಕ್ಷೌರದಂಗಡಿ ಇಟ್ಟಿದ್ದೀವಾ?"

"ಅದು ಬೀಳೋದು ನನ್ನ ಮೇಲೆ ಮಾತ್ರ ಕಣೇ. ಇಷ್ಟು ವರ್ಷದಲ್ಲಿ ಬೇರೆಯವರ ಕಡೆ ಕಣ್ಣೆತ್ತಿ ನೋಡಿಲ್ಲ ಅದು."

ಹನಿಯ ಪಾತಿವ್ರತ್ಯದ ಮೇಲೆ ಅವರಿಗಿದ್ದ ಭರವಸೆ ನನಗಿರಲಿಲ್ಲ. ವಾರದ ರಜೆಯ ದಿನ ಅವರು ಮಧ್ಯಾಹ್ನದ ನಿದ್ದೆಗೆ ಜಾರಿದ್ದೇ ತಡ, ಅತ್ತೆಯನ್ನು ಕ್ಯಾಬಿನ್ನಿನೊಳಗೆ ಕೂರಿಸಿ, ನಾನು ಏಣಿ ಹತ್ತಿ ಚಾವಣಿಯ ಮೇಲೆ ಬಕೆಟ್ಟಿನಿಂದ ನೀರು ಸುರಿದೆ.

"ಬಂತಾ ಅತ್ತೆ?"

"ಬಂತು."

"ಎಲ್ಲಿಂದ?"

"ಮೇಲಿಂದ."

"ಮೇಲೆ ಅಂದ್ರೆ ಎಲ್ಲಿ, ಸರಿಯಾಗಿ ನೋಡಿ."

"ಸುರೀತಿರೋಳು ನೀನು. ನನ್ನ ಕೇಳಿದ್ರೆ?"

ಇನ್ನೊಂದು ಬಕೆಟ್ ಸುರಿದೆ. ಅತ್ತೆ ಬಾಗಿಲು ತೆರೆದು ಇಳಿದು ಬಂದು, ತಮ್ಮ ಬೆನ್ನು ಮುಟ್ಟಿ ನೋಡಿಕೊಂಡು, ಬಟ್ಟೆ ಬದಲಿಸಲು ಒಳಗೆ ಹೋದರು. ಪರೀಕ್ಷೆ ಅಲ್ಲಿಗೆ ಮುಗಿಯಿತು. ಆದರೆ ಏಣಿಯ ಮೇಲೆ ನಿಂತಿದ್ದಾಗಲೇ ನನಗೆ ಜ್ಞಾನೋದಯವಾಗಿತ್ತು. ತೂತು ಹುಡುಕುವುದು ಮೆಕ್ಯಾನಿಕ್ಕಿನ ಕೆಲಸ. ಮುಚ್ಚುವುದು ನನ್ನ ಕೆಲಸ. ತೂತು ಎಲ್ಲಿದ್ದರೆ ನನಗೇನು? ಚಾವಣಿಗೆ ಒಳಗಡೆಯಿಂದ ಪೂರ್ತಿ ಒಂದು ಗವಸು ಹಾಕಿಬಿಟ್ಟರೆ, ನೀರು ಬಂದರೂ ಅದರಾಚೆಯೇ ಇರಬೇಕು. ಆಚೆ ಬಂದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಸಣ್ಣ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ದೊಡ್ಡ ಆಲೋಚನೆ ಬಂದಾಗ ಸಣ್ಣವಕ್ಕೆ ಜಾಗ ಇರುವುದಿಲ್ಲ.

ಒಂದು ಸೋಫಾ ಕೆಲಸದಲ್ಲಿ ಉಳಿದಿದ್ದ ಗಾಢ ಕೆಂಪು ರೆಕ್ಸಿನ್ ಮನೆಯಲ್ಲಿತ್ತು. ನೀರು ಒಂದು ಹನಿಯೂ ಆಚೆ ದಾಟದಂಥ ದಪ್ಪ ಮಾಲು. ಚಾವಣಿಯ ಅಳತೆ ತೆಗೆದು, ಸ್ವಲ್ಪ ಸಡಿಲ ಬಿಟ್ಟು, ಅಂಚು ಮಡಿಸಿ ಎರಡೆರಡು ಸಲ ಹೊಲಿಗೆ ಹಾಕಿದೆ. ಬೋಳಾಗಿ ಕಾಣಬಾರದೆಂದು ಅಲ್ಲಲ್ಲಿ ಬಟ್ಟೆ ಸುತ್ತಿದ ಗುಂಡಿಗಳನ್ನು ಹೊಲಿದು, ಸೂಜಿ ಹೋದ ತೂತುಗಳಿಗೆ ಮೇಣ ತುಂಬಿದೆ. ಸುತ್ತಲೂ ಮರದ ತೆಳು ಪಟ್ಟಿ ಇಟ್ಟು ಚಾವಣಿಗೆ ಸ್ಕ್ರೂ ಹಾಕಿ ಬಿಗಿಯುವುದು ನನ್ನ ಯೋಜನೆ. ಪಟ್ಟಿ, ಡ್ರಿಲ್ ಮೆಷಿನ್, ಸ್ಕ್ರೂ ಎಲ್ಲವನ್ನೂ ಪಕ್ಕದ ಮನೆಯ ಬಡಗಿಯ ಹೆಂಡತಿಯಿಂದ ಎರವಲು ತಂದೆ. ಸ್ಕ್ರೂಗಳಲ್ಲಿ ಗಿಡ್ಡವೂ ಇದ್ದವು, ಬಾಗಿಲಿಗೆ ಹಾಕುವ ಉದ್ದನೆಯವೂ ಇದ್ದವು. ಕೆಲಸ ಗಟ್ಟಿಯಾಗಿರಲಿ ಎಂದು ಉದ್ದನೆಯವನ್ನೇ ಆರಿಸಿಕೊಂಡೆ. ಗಿಡ್ಡ ಸ್ಕ್ರೂ ಹಾಕುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ.

ಸೀಟಿನ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಎರಡೂ ಕೈಯಲ್ಲಿ ಡ್ರಿಲ್ ಹಿಡಿದು ಶುರು ಮಾಡಿದೆ. ಅದು ಮೊದಲು ಗೊಣಗುತ್ತಿತ್ತು, ಆಮೇಲೆ ಕಿರುಚುತ್ತಿತ್ತು, ಕೊನೆಗೆ ಇದ್ದಕ್ಕಿದ್ದಂತೆ ಬೆಣ್ಣೆಯೊಳಗೆ ಹೋದಂತೆ ಸಲೀಸಾಗಿ ಮೇಲೆ ಹೋಗುತ್ತಿತ್ತು. ಪ್ರತಿ ಸಲ ಹಾಗಾದಾಗಲೂ ನನ್ನ ಕೈ ಪಳಗುತ್ತಿದೆ ಎಂದುಕೊಂಡೆ.

ಸಂಜೆ ಯಜಮಾನರು ಎದ್ದು ಬಂದು ಕ್ಯಾಬಿನ್ ಬಾಗಿಲು ತೆರೆದು ಬಹಳ ಹೊತ್ತು ನೋಡಿದರು.

"ಒಡವೆ ಪೆಟ್ಟಿಗೆ ಇದ್ದ ಹಾಗಿದೆ," ಎಂದರು.

"ಒಡವೆ ಯಾರು ಅಂತ ಮಾತ್ರ ಕೇಳಬೇಡ ಕಣೋ," ಎಂದರು ಅತ್ತೆ.

ಮಾರನೆಯ ದಿನ ಸಣ್ಣಗೆ ಮಳೆ ಬಂತು. ಅದರ ಮಾರನೆಯ ದಿನವೂ ಬಂತು. ಯಜಮಾನರು ಕೆಲಸ ಮುಗಿಸಿ ಮನೆಗೆ ಬಂದಾಗ ಅತ್ತೆ ಅವರ ಎಡ ಹೆಗಲನ್ನು ಮುಟ್ಟಿ ನೋಡಿದರು.

"ಒಣಗಿದೆಯಲ್ಲೋ."

"ಹೂಂ ಕಣಮ್ಮ. ಏನೋ ಕಳಕೊಂಡ ಹಾಗಿದೆ."

ಟವಲನ್ನು ಮಡಿಸಿ ಲಾರಿಯ ಸಣ್ಣ ಖಾನೆಯೊಳಗೆ ಇಟ್ಟುಬಿಟ್ಟಿದ್ದರು. ಇನ್ನು ನನ್ನನ್ನು ಹಿಡಿಯುವವರು ಯಾರು? ದಿಂಬಿನ ಗವಸು ಕೇಳಲು ಬಂದವರನ್ನೂ ಅಂಗಳಕ್ಕೆ ಕರೆದೊಯ್ದು ಲಾರಿ ಹತ್ತಿಸಿ ಮೇಲೆ ನೋಡಿ ಎಂದೆ. ಊರಲ್ಲಿರುವ ಸೋರುವ ಲಾರಿಗಳೆಲ್ಲ ನಮ್ಮ ಮನೆ ಮುಂದೆ ಸಾಲುಗಟ್ಟಿ ನಿಲ್ಲುವ ದಿನ ದೂರವಿಲ್ಲವೆಂದು ಬಡಗಿಯ ಹೆಂಡತಿಗೆ ಹೇಳಿದೆ. ಆಕೆ ಡ್ರಿಲ್ ವಾಪಸ್ ಕೇಳಿದಳು.

ವಾರ ಕಳೆಯುತ್ತ ಬಂದಂತೆ ಯಜಮಾನರು ಒಂದು ಮಾತು ಹೇಳಿದರು.

"ಮಧ್ಯದಲ್ಲಿ ಸ್ವಲ್ಪ ಹೊಟ್ಟೆ ಬಂದಿದೆ ನೋಡೇ."

"ನಿಮಗೂ ಬಂದಿದೆ. ನಾನೇನಾದ್ರೂ ಅಂದೆನಾ?"



ಮ್ಯಾನೇಜರು ಬರುವ ದಿನ ಬೆಳಕು ಹರಿಯುವುದಕ್ಕೆ ಮೊದಲೇ ಮಳೆ ಹಿಡಿದಿತ್ತು. ಹಿಂದಿನ ದಿನದಿಂದಲೂ ಬಿಟ್ಟಿರಲಿಲ್ಲ ಎನ್ನಬೇಕು. ಇವತ್ತು ಅವರು ಬರಲಾರರೆಂದು ನಾನು ಅರ್ಧ ಆಸೆ ಬಿಟ್ಟಿದ್ದೆ. ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟಿದರು. ಎತ್ತರದ, ತೆಳ್ಳಗಿನ ಮನುಷ್ಯ. ತಿಳಿ ಬಣ್ಣದ ಅಂಗಿ, ತಿಳಿ ಬಣ್ಣದ ಪ್ಯಾಂಟು, ಅದರ ಇಸ್ತ್ರಿ ಗೆರೆಯಿಂದ ತರಕಾರಿ ಹೆಚ್ಚಬಹುದಿತ್ತು. ಅಂಥ ಮಳೆಯಲ್ಲಿ ಬಂದರೂ ಅವರ ಮೇಲೆ ಒಂದು ಹನಿಯೂ ಇರಲಿಲ್ಲ. ಕೊಡೆಯನ್ನು ಮಡಿಸಿ, ಅದರ ಪ್ರತಿಯೊಂದು ನೆರಿಗೆಯನ್ನೂ ಸರಿಪಡಿಸಿ, ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದರು. ನಾನು ಮುಂದಿಟ್ಟ ಬಟ್ಟೆಯ ಮಾದರಿಗಳನ್ನು ನೋಡುವ ಮೊದಲು ಅವುಗಳ ಅಂಚು ಒಂದಕ್ಕೊಂದು ಹೊಂದುವಂತೆ ಜೋಡಿಸಿದರು. ಮಾತಿನ ನಡುವೆ ಕೈ ಚಾಚಿ, ನನ್ನ ತೋಳಿಗಂಟಿದ್ದ ದಾರದ ತುಣುಕನ್ನು ತೆಗೆದು, ಕಸದ ಬುಟ್ಟಿ ಎಲ್ಲಿದೆಯೆಂದು ನೋಡಿ ಅದರಲ್ಲಿ ಹಾಕಿ ಬಂದರು.

ಒಂದು ಕಡುನೀಲಿ ಬಟ್ಟೆ ಅವರಿಗೆ ಹಿಡಿಸಿತು. "ಹಾಲ್ ಇವತ್ತು ಮಧ್ಯಾಹ್ನದವರೆಗೆ ಮಾತ್ರ ಖಾಲಿ ಇದೆ. ಈಗಲೇ ಹೋಗಿ ಅಳತೆ ತಗೊಂಡು ಬಿಡೋಣ," ಎಂದರು.

ನಾವು ಲಾರಿ ಹತ್ತಿದೆವು. ಕಿಟಕಿಯ ಗಾಜು ಪೂರ್ತಿ ಏರುವುದಿಲ್ಲವಾದ್ದರಿಂದ, ಎರಚಲು ತಾಗದಿರಲಿ ಎಂದು ಮ್ಯಾನೇಜರನ್ನು ನಾನೇ ಒತ್ತಾಯ ಮಾಡಿ ಮಧ್ಯದಲ್ಲಿ ಕೂರಿಸಿದೆ. ಅವರ ಒಂದು ಪಕ್ಕಕ್ಕೆ ಸ್ಟೇರಿಂಗ್ ಹಿಡಿದ ಯಜಮಾನರು, ಇನ್ನೊಂದು ಪಕ್ಕಕ್ಕೆ ನಾನು. ಸೀಟಿನ ಹಿಂದಿನ ಹಲಗೆಯ ಮೇಲೆ ಅತ್ತೆ. ದೊಡ್ಡ ಅಳತೆ ತೆಗೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿಯುವುದು ಯಾವತ್ತೂ ಅವರೇ.

ಲಾರಿ ಅಂಗಳ ದಾಟಿ ರಸ್ತೆಗೆ ಇಳಿದಾಗ ತಲೆಯ ಮೇಲೆ ಏನೋ ಕುಲುಕಿದಂತಾಯಿತು. ಕತ್ತೆತ್ತಿ ನೋಡಿದೆ. ನಾನು ಹೊಲಿದ ಕೆಂಪು ಗವಸು ಮ್ಯಾನೇಜರ ನೆತ್ತಿಯ ಮೇಲೆ ಬೋಗುಣಿಯಷ್ಟು ದೊಡ್ಡದಾಗಿ ಇಳಿಬಿದ್ದು, ಲಾರಿಯ ಪ್ರತಿ ಕುಲುಕಿಗೂ ಒಮ್ಮೆ ಅತ್ತ, ಒಮ್ಮೆ ಇತ್ತ ತೂಗುತ್ತಿತ್ತು. ಅದಕ್ಕೆ ದಿನ ತುಂಬಿತ್ತು.

ಯಜಮಾನರೂ ನೋಡಿದರು. ನಾವಿಬ್ಬರೂ ಮ್ಯಾನೇಜರ ತಲೆಯ ಹಿಂದಿನಿಂದ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಸ್ಪಷ್ಟವಾಗಿ ನಾವು ಮಾತಾಡಿಕೊಂಡದ್ದಿಲ್ಲ.

"ಚಾವಣಿಗೆ ಕುಶನ್ ಹಾಕಿದ್ದೀರಾ? ಚೆನ್ನಾಗಿದೆ," ಎಂದು ಮ್ಯಾನೇಜರು ಬೆರಳಿಂದ ಮೆಲ್ಲಗೆ ಒತ್ತಿದರು. ಒತ್ತಿದ ಕಡೆ ಗುಳಿ ಬಿದ್ದು, ಉಬ್ಬು ಯಜಮಾನರ ಕಡೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಇದ್ದು ಮತ್ತೆ ಬಂತು. "ಒಳಗೇನು ತುಂಬಿಸಿದ್ದೀರಿ, ಹತ್ತಿನಾ?"

"ಅದು... ಹೊಸ ಬಗೆ ಸಾರ್," ಎಂದೆ.

"ತಣ್ಣಗಿದೆ."

"ಬೇಸಿಗೆಗೆ ಒಳ್ಳೇದು."

ಅವರು ಮೆಚ್ಚುಗೆಯಿಂದ ತಲೆದೂಗಿದರು. ಯಜಮಾನರು ಗೇರ್ ಇಳಿಸಿದರು. ಅಂದಿನಂಥ ಡ್ರೈವಿಂಗ್ ಅವರು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಬ್ರೇಕ್ ಮುಟ್ಟಲಿಲ್ಲ. ಸ್ಟೇರಿಂಗನ್ನು ಮಲಗಿದ ಕೂಸಿನ ತಲೆ ತಿರುಗಿಸುವಂತೆ ತಿರುಗಿಸಿದರು. ರಸ್ತೆಯ ಗುಂಡಿ ಕಂಡರೆ ದೂರದಿಂದಲೇ ವೇಗ ತಗ್ಗಿಸಿ, ಒಂದೊಂದೇ ಚಕ್ರವನ್ನು ಅದರೊಳಗೆ ಇಳಿಸಿ ಎತ್ತಿದರು. ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಮುದುಕ ನಮ್ಮನ್ನು ದಾಟಿ ಮುಂದೆ ಹೋದ. ಹೋಗುವಾಗ ತಿರುಗಿ ಒಮ್ಮೆ ನೋಡಿದ.

"ಸ್ವಲ್ಪ ನಿಧಾನ ಆಯ್ತಲ್ವಾ?" ಎಂದರು ಮ್ಯಾನೇಜರು.

"ಸೂಕ್ಷ್ಮವಾದ ಸಾಮಾನಿದೆ ಸಾರ್," ಎಂದರು ಯಜಮಾನರು.

ಗುಡ್ಡದ ಏರು ಶುರುವಾಯಿತು. ಮೂಗು ಮೇಲೆತ್ತಿಕೊಂಡು ಲಾರಿ ಹತ್ತತೊಡಗಿದಂತೆ ಉಬ್ಬು ಮ್ಯಾನೇಜರ ನೆತ್ತಿಯಿಂದ ಮೆಲ್ಲಗೆ ಹಿಂದಕ್ಕೆ ಹೊರಳಿತು. ನನಗೆ ಉಸಿರು ಬಂತು.

"ನನ್ನ ಕಡೆ ಬಂತು," ಎಂದರು ಅತ್ತೆ ಹಿಂದಿನಿಂದ.

"ಏನು ಬಂತು?" ಎಂದು ಮ್ಯಾನೇಜರು ತಿರುಗಿದರು.

"ನಿದ್ದೆ ಸಾರ್. ವಯಸ್ಸಾಯ್ತಲ್ಲ," ಎಂದೆ.

ಮುಂದೆ ಒಂದು ಸಣ್ಣ ಇಳಿಜಾರು. ಉಬ್ಬು ನಮ್ಮೆಲ್ಲರ ತಲೆ ಸವರಿಕೊಂಡು ಮುಂದಿನ ಗಾಜಿನ ಕಡೆ ಓಡಿ, ಯಜಮಾನರ ಕಣ್ಣಿಗೂ ರಸ್ತೆಗೂ ನಡುವೆ ತೂಗಿಬಿತ್ತು. ಅವರು ಕೆಳಗೆ ಬಗ್ಗಿ ಸ್ಟೇರಿಂಗಿನ ಸಂದಿಯಿಂದ ರಸ್ತೆ ನೋಡುತ್ತ ಓಡಿಸಿದರು.

"ಹೋಯ್ತು," ಎಂದರು ಅತ್ತೆ.

"ಪಾಪ, ನಿದ್ದೆ ಇಷ್ಟು ಬೇಗ ಹೋಗಿಬಿಡ್ತಾ?" ಎಂದು ಮ್ಯಾನೇಜರು ಮರುಗಿದರು. ಒಳ್ಳೆಯ ಮನುಷ್ಯ. ಆಮೇಲೆ ಪರದೆಯ ವಿಷಯಕ್ಕೆ ಬಂದರು. "ನೋಡಿ ಮೇಡಂ, ನನಗೆ ತೆಳು ಪರದೆ ಆಗಲ್ಲ. ತೂಕ ಇರಬೇಕು. ಬೀಳೋವಾಗ ಅಲ್ಲಿ ಇಲ್ಲಿ ಸಿಕ್ಕಿಹಾಕಿಕೊಳ್ಳಬಾರದು, ಒಂದೇ ಸಲಕ್ಕೆ ಬೀಳಬೇಕು. ಅದು ಬೀಳೋವಾಗ ಕೂತಿರೋ ಜನ ಉಸಿರು ಬಿಗಿ ಹಿಡಿದು ನೋಡಬೇಕು."

"ಹಿಡಿದಿದ್ದೀವಿ ಸಾರ್," ಎಂದರು ಯಜಮಾನರು ಸ್ಟೇರಿಂಗಿನ ಸಂದಿಯಿಂದ.

ಮತ್ತೆ ಏರು ಬಂತು. ಉಬ್ಬು ಮಧ್ಯಕ್ಕೆ ಬಂದು ನಿಂತಿತು. ಸಭಾಂಗಣದ ಗೋಪುರ ಮಳೆಯ ನಡುವೆ ಮಸುಕಾಗಿ ಕಾಣಿಸತೊಡಗಿತ್ತು. ಇನ್ನೇನು ಬಂತು, ಗೆದ್ದೆವು ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದಾಗ ಮ್ಯಾನೇಜರು ಮೇಲೆ ನೋಡಿದರು. ಗವಸಿನ ನಟ್ಟನಡುವಿನ ಗುಂಡಿಯಿಂದ ಒಂದು ದಾರ ಇಳಿಬಿದ್ದಿತ್ತು. ತುದಿ ಕತ್ತರಿಸುವುದನ್ನು ನಾನು ಮರೆತಿದ್ದೆ.

"ದಾರ ಬಿಟ್ಟಿದೆ, ಇರಿ," ಎಂದರು.

"ಬೇಡ ಸಾರ್," ಎಂದು ನಾವು ಮೂವರೂ ಒಟ್ಟಿಗೆ ಹೇಳಿದೆವು. ಅಷ್ಟರಲ್ಲಿ ಎಳೆದಾಗಿತ್ತು.

ಗುಂಡಿ ದಾರದ ಸಮೇತ ಅವರ ಕೈಗೆ ಬಂತು. ಅದರ ಹಿಂದೆಯೇ ಪೆನ್ಸಿಲ್ಲಿನಷ್ಟು ದಪ್ಪದ ನೀರಿನ ಧಾರೆ ಇಳಿದು, ಅವರ ಪ್ಯಾಂಟಿನ ಇಸ್ತ್ರಿ ಗೆರೆಯ ಮೇಲೆ ಗೆರೆ ತಪ್ಪದ ಹಾಗೆ ಬಿತ್ತು. ನಾನು ಎದ್ದು ನಿಂತು ತೋರುಬೆರಳನ್ನು ತೂತಿಗೆ ತುರುಕಿದೆ. ಧಾರೆ ನಿಂತಿತು. ಮ್ಯಾನೇಜರು ಗುಂಡಿಯನ್ನು ನೋಡಿದರು, ತೊಡೆಯನ್ನು ನೋಡಿದರು, ಆಮೇಲೆ ಅವರ ತಲೆಯ ಮೇಲೆ ಚಾವಣಿಗೆ ಬೆರಳು ಚುಚ್ಚಿಕೊಂಡು ನಿಂತಿದ್ದ ನನ್ನನ್ನು ನೋಡಿದರು.

"ಇದರೊಳಗೆ ನೀರಿದೆಯಾ?"

"ಸ್ವಲ್ಪ ತೇವ ಇರಬಹುದು ಸಾರ್."

"ಬೇಸಿಗೆಗೆ ಅಂತ ಆಗಲೇ ಹೇಳಿದಳಲ್ಲಪ್ಪ," ಎಂದರು ಹಿಂದಿನಿಂದ ಅತ್ತೆ.

"ಇನ್ನೇನು ಬಂದೇಬಿಟ್ವಿ," ಎಂದರು ಯಜಮಾನರು. ಅವರ ಹಣೆಯಲ್ಲಿ ಬೆವರಿಳಿಯುತ್ತಿತ್ತು. ನನ್ನ ಬೆರಳು ಮರಗಟ್ಟುತ್ತಿತ್ತು. ಹೀಗೇ ಒಂದು ತಿರುವು ದಾಟಿದ್ದರೆ ನಾವು ಸಭಾಂಗಣದ ಬಾಗಿಲಲ್ಲಿರುತ್ತಿದ್ದೆವು. ತಿರುವಿನಲ್ಲಿ ರಸ್ತೆ ರಿಪೇರಿ ನಡೆಯುತ್ತಿತ್ತು. ಮಳೆಯಂಗಿ ತೊಟ್ಟ ಒಬ್ಬ ಕೆಲಸಗಾರ ನಮ್ಮ ಮುಂದೆ ಬಂದು ಕೆಂಪು ಬಾವುಟ ಎತ್ತಿ ಹಿಡಿದ.

ಯಜಮಾನರು ನಯವಾಗಿಯೇ ಬ್ರೇಕ್ ಒತ್ತಿದರು. ಆದರೆ ನಮ್ಮ ಲಾರಿಯ ಬ್ರೇಕಿಗೆ ನಯವಿನಯ ಗೊತ್ತಿಲ್ಲ. ಅದು ಹಿಡಿಯುತ್ತದೆ, ಇಲ್ಲವೇ ಹಿಡಿಯುವುದಿಲ್ಲ. ಅವತ್ತು ಹಿಡಿಯಿತು.

ಉಬ್ಬು ಒಮ್ಮೆಲೇ ಮುಂದಕ್ಕೆ ಹಾರಿ ಗಾಜಿಗೆ ಅಪ್ಪಳಿಸಿ ಅಷ್ಟೇ ರಭಸದಲ್ಲಿ ಹಿಂದಕ್ಕೆ ಬಂತು. ಮುಂದಿನ ಮರದ ಪಟ್ಟಿ, ಅದರ ಹಿಂದೆಯೇ ಉಳಿದವೂ, ಸ್ಕ್ರೂಗಳ ಸಮೇತ ಕಿತ್ತುಕೊಂಡವು. ಮೊದಲು ನೀರು ಬಿತ್ತು, ಆಮೇಲೆ ಪಟ್ಟಿ ಬಿತ್ತು, ಆಮೇಲೆ ರೆಕ್ಸಿನ್ ಬಿತ್ತು. ಯಜಮಾನರ ಮಡಿಲು ಕೆರೆಯಾಗಿತ್ತು. ನಡುವಿನ ಸೀಟಿನಲ್ಲಿ ಮ್ಯಾನೇಜರು ಇದ್ದ ಕಡೆ ಅವರ ತಲೆ, ಹೆಗಲು, ಮೊಣಕಾಲುಗಳ ಆಕಾರಕ್ಕೆ ಸರಿಯಾಗಿ ಅಂಟಿಕೊಂಡ ಕೆಂಪು ರೆಕ್ಸಿನ್ ಮಾತ್ರ ಕಾಣುತ್ತಿತ್ತು. ನಾನು ಈವರೆಗೆ ಹೊಲಿದ ಗವಸುಗಳಲ್ಲೇ ಅಷ್ಟು ಹೇಳಿ ಮಾಡಿಸಿದಂತೆ ಕೂತದ್ದು ಅದೊಂದೇ. ಮೇಲೆ ಬಿದ್ದು ಕೆಲಸ ಮಾಡುವ ಸ್ವಭಾವ ನನ್ನದು. ನನ್ನ ಕೆಲಸಕ್ಕೂ ಅದೇ ಸ್ವಭಾವ ಬಂದಿತ್ತು.

ಬಾವುಟದವನು ಏನೋ ಕೇಳಲು ಬಂದು ನನ್ನ ಪಕ್ಕದ ಬಾಗಿಲು ತೆರೆದ. ನೀರು ಅವನ ಕಾಲಿನ ಮೇಲೆ ಹರಿದುಹೋಯಿತು. ಅವನು ಒಳಗೆ ಇಣುಕಿ, ರೆಕ್ಸಿನ್ ಕೆಳಗೆ ಸೀನಿದ ಸದ್ದು ಕೇಳಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ ಬಾವುಟ ಇಳಿಸಿದ.

ಆಗ ಯಜಮಾನರು ಮೇಲೆ ನೋಡಿದರು. ನಾನೂ ನೋಡಿದೆ. ಬರಿದಾದ ಚಾವಣಿಯ ಅಂಚಿನುದ್ದಕ್ಕೂ, ಅಳತೆಪಟ್ಟಿ ಇಟ್ಟು ಗುರುತು ಹಾಕಿದಷ್ಟು ಸಮ ಅಂತರದಲ್ಲಿ, ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳಿದ್ದವು. ಒಂದೊಂದು ಚುಕ್ಕಿಯಿಂದ ಒಂದೊಂದು ಹನಿ ಇಳಿಯುತ್ತಿತ್ತು.

"ಇಷ್ಟೊಂದು ತೂತು ಎಲ್ಲಿಂದ ಬಂತು?" ಎಂದರು ಯಜಮಾನರು.

ಡ್ರಿಲ್ ಪ್ರತಿ ಸಲವೂ ಕೊನೆಯಲ್ಲಿ ಯಾಕೆ ಸಲೀಸಾಗಿ ಮೇಲೆ ಹೋಗುತ್ತಿತ್ತು ಎಂಬುದು ನನಗೆ ಆ ಕ್ಷಣ ಅರ್ಥವಾಯಿತು. ನನ್ನ ಕೈ ಪಳಗಿರಲಿಲ್ಲ. ತಗಡು ಮುಗಿದಿತ್ತು.

"ಮೊದಲು ನಿನಗೊಬ್ಬನಿಗೇ ಬೀಳ್ತಿತ್ತು ಕಣೋ," ಎಂದರು ಅತ್ತೆ, ಮುಖ ಒರೆಸಿಕೊಳ್ಳುತ್ತ. "ಈಗ ಎಲ್ಲರಿಗೂ ಸಮಪಾಲು ಮಾಡಿದ್ದಾಳೆ."

ಸಭಾಂಗಣ ತಲುಪಿದಾಗ ಮ್ಯಾನೇಜರು ಮೈಮೇಲಿನ ರೆಕ್ಸಿನ್ ಸರಿಸಿ ಇಳಿದು ಒಳಗೆ ಹೋದರು. ನಾನು ಹಿಂದೆಯೇ ಓಡಿದೆ. ಅವರು ಒದ್ದೆ ಅಂಗಿ ಬಿಚ್ಚಿ ಹಿಂಡಿ, ಅಂಥ ಹೊತ್ತಿನಲ್ಲೂ ಅದನ್ನು ಮಡಿಕೆ ಸರಿಯಾಗಿ ಬರುವಂತೆ ಮಡಿಸಿ, ಹರಿದ ಹಳೆಯ ಪರದೆಯನ್ನು ಮೈತುಂಬ ಸುತ್ತಿಕೊಂಡು ವೇದಿಕೆಯ ಮೇಲೊಂದು ಕುರ್ಚಿಯಲ್ಲಿ ಕೂತಿದ್ದರು. ಯಾವುದೋ ಕಾಲದ ರಾಜ ರಾಜ್ಯ ಕಳೆದುಕೊಂಡು ಕೂತ ಹಾಗಿತ್ತು.

"ತಪ್ಪಾಯ್ತು ಸಾರ್. ಬಟ್ಟೆ ಕೊಡಿ, ಒಣಗಿಸಿ ಇಸ್ತ್ರಿ ಮಾಡಿ ತಂದು ಕೊಡ್ತೀನಿ."

"ಬೇಡ," ಎಂದರು. ಸ್ವಲ್ಪ ತಡೆದು, "ನೀವು ದಯವಿಟ್ಟು ಏನೂ ಮಾಡಬೇಡಿ," ಎಂದರು.

ಬಂದ ಕೆಲಸ ಬಿಡುವಂತಿರಲಿಲ್ಲ. ಅತ್ತೆ ಟೇಪಿನ ತುದಿ ಹಿಡಿದು ವೇದಿಕೆಯ ಆ ಕೊನೆಗೆ ಹೋದರು. ನಾನು ಈ ಕೊನೆಯಲ್ಲಿ ನಿಂತೆ. ನಡುವೆ ಪರದೆ ಹೊದ್ದ ಮ್ಯಾನೇಜರು ಟೇಪು ದಾಟಲೆಂದು ತಲೆ ಬಗ್ಗಿಸಿ ಸಹಕರಿಸಿದರು. ಅಳತೆಯನ್ನು ಒಂದೊಂದಾಗಿ ಬರೆದುಕೊಂಡೆ. ಇನ್ನು ಯಾರೂ ಕೇಳದ ಅಳತೆ ಅದು ಎಂದು ನನಗೆ ಗೊತ್ತಿತ್ತು. ವಾಪಸ್ ಹೋಗಲು ಅವರು ಆಟೋ ಕರೆಸಿಕೊಂಡರು.

ಮನೆಗೆ ಮರಳುವಾಗ ಯಜಮಾನರು ನನಗೆ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು. ಅವರು ಸುಮ್ಮನೆ ಖಾನೆ ತೆರೆದು, ಮಡಿಸಿಟ್ಟಿದ್ದ ಟವಲ್ ತೆಗೆದು ನನ್ನ ಕೈಗೆ ಕೊಟ್ಟರು. ಆ ಲಾರಿಯಲ್ಲಿ ಒಣಗಿ ಉಳಿದಿದ್ದ ವಸ್ತು ಅದೊಂದೇ. ನಾನು ಅತ್ತೆಗೆ ಕೊಟ್ಟೆ. ಅತ್ತೆ ತಲೆ ಒರೆಸಿಕೊಂಡು, ಎದ್ದು, ಮಗನ ತಲೆಯನ್ನೂ ಒರೆಸಿ, ಕೊನೆಗೆ ನನ್ನ ತಲೆಯ ಮೇಲೆ ಹಾಕಿದರು. ಸಾಲು ಹನಿಗಳು ನಮ್ಮ ಮೂವರ ಮೇಲೂ ಮನೆಯವರೆಗೆ ಬೀಳುತ್ತಿದ್ದವು.

ಮಳೆ ಬಿಟ್ಟ ಮೇಲೆ ಯಜಮಾನರು ಚಾವಣಿ ಹತ್ತಿ ಕೂತು ಒಂದೊಂದೇ ತೂತಿಗೆ ತಗಡಿನ ತೇಪೆ ಹಾಕಿ ಅಂಟು ಮೆತ್ತಿದರು. ನಾನು ಕೆಳಗೆ ನಿಂತು ಕೇಳಿದ್ದನ್ನು ಕೊಡುತ್ತಿದ್ದೆ. ಹತಾರ ಮುಟ್ಟಲು ನನಗೆ ಅನುಮತಿ ಇತ್ತು, ಬಳಸಲು ಇರಲಿಲ್ಲ. ನಾನು ಕೊರೆದ ತೂತುಗಳೆಲ್ಲ ಮುಚ್ಚಿದವು. ಮೊದಲಿನ ಹನಿ ಮಾತ್ರ ಎಲ್ಲಿಂದಲೋ ದಾರಿ ಹುಡುಕಿಕೊಂಡು ತನ್ನ ಹಳೆಯ ಹೆಗಲಿಗೇ ಮರಳಿತು. ಯಜಮಾನರು ಟವಲನ್ನು ಮತ್ತೆ ಹೆಗಲಿಗೇರಿಸಿದರು. ನಾನು ದಿಂಬಿನ ಗವಸು ಹೊಲಿಯುತ್ತ ಬಾಯಿ ಮುಚ್ಚಿಕೊಂಡಿದ್ದೆ. ಲಾರಿ ತೋರಿಸಿ ಎಂದು ಬಂದ ಇಬ್ಬರು ಹೆಂಗಸರಿಗೆ ಲಾರಿ ಊರಲ್ಲಿಲ್ಲ ಎಂದೆ. ಅವರು ಅಂಗಳದಲ್ಲಿ ಅದರ ಪಕ್ಕದಲ್ಲೇ ಹಾದು ಬಂದಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಅತ್ತೆ ತೆರೆದರು. ಮ್ಯಾನೇಜರು ನಿಂತಿದ್ದರು. ಮೂಗಿನ ತುದಿ ಇನ್ನೂ ಕೆಂಪಗಿತ್ತು, ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡಿದ್ದರು. ಪ್ಯಾಂಟಿನ ಇಸ್ತ್ರಿ ಗೆರೆ ಮಾತ್ರ ಮೊದಲಿನಂತೆಯೇ ಇತ್ತು. ನಾನು ಹೊಲಿಗೆ ಮೆಷಿನ್ನಿನ ಹಿಂದೆ ಅಡಗುವಷ್ಟು ಕುಗ್ಗಿದೆ.

"ಕೂರಿ ಸಾರ್," ಎಂದೆ. ಅವರು ಮೊದಲು ಚಾವಣಿ ನೋಡಿದರು, ಆಮೇಲೆ ಕೂತರು.

"ಮೂರು ಕಡೆ ವಿಚಾರಿಸಿದೆ ಮೇಡಂ," ಎಂದರು. "ಹೊಲಿಗೆ ನೋಡಿದೆ. ಯಾವುದೂ ಸಮಾಧಾನ ಆಗಲಿಲ್ಲ. ನಿಮ್ಮ ಕೆಲಸವನ್ನ ಒಳಗಡೆಯಿಂದ, ಬಹಳ ಹತ್ತಿರದಿಂದ ನೋಡೋ ಅವಕಾಶ ನನಗೆ ಸಿಕ್ಕಿತ್ತು. ಅಷ್ಟು ನೀರು ಹೊತ್ತಿತ್ತು, ಅಷ್ಟು ಜೋರಾಗಿ ಬಿತ್ತು. ನಾನು ಕಿತ್ತ ಆ ಗುಂಡಿಯದು ಬಿಟ್ಟರೆ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಪರದೆ ನೀವೇ ಹೊಲೀಬೇಕು."

ನನಗೆ ಕಣ್ಣು ತುಂಬಿ ಬಂತು. ತಿರುಗಿ ಯಜಮಾನರನ್ನು ನೋಡಿದೆ, ಅತ್ತೆಯನ್ನು ನೋಡಿದೆ. ಕುಗ್ಗಿದ್ದವಳು ಮತ್ತೆ ಹಿಗ್ಗಲು ಎಷ್ಟು ಹೊತ್ತು ಬೇಕು? ಎದೆಯುಬ್ಬಿಸಿ ಎದ್ದು ನಿಂತೆ.

"ನೀವು ಏನೂ ಚಿಂತೆ ಮಾಡಬೇಡಿ ಸಾರ್," ಎಂದೆ. "ಪರದೆ ಹೊಲಿಯೋದಷ್ಟೇ ಅಲ್ಲ, ಅದನ್ನ ಮೇಲೆ ಕಟ್ಟೋ ಕೆಲಸಾನೂ ನಾನೇ ಮುಂದೆ ನಿಂತು..."

ಅವರು ಕೈ ಎತ್ತಿ ನನ್ನನ್ನು ತಡೆದರು. ಕೋಪವೇನೂ ಇರಲಿಲ್ಲ. ಕರವಸ್ತ್ರ ತೆಗೆದು ಮೂಗು ಒರೆಸಿ, ಅದನ್ನು ಮಡಿಕೆಯ ಮೇಲೆ ಮಡಿಕೆ ಹೊಂದಿಸಿ ಜೇಬಿಗಿಟ್ಟರು.

"ಹೊಲಿದು ಕೊಡಿ ಸಾಕು ಮೇಡಂ, ನಾವೇ ಬಂದು ತಗೊಂಡು ಹೋಗ್ತೀವಿ," ಎಂದರು. "ನಮ್ಮ ಹಾಲ್‌ಗೂ ವಯಸ್ಸಾಗಿದೆ. ಆದ್ರೆ ಸದ್ಯಕ್ಕೆ ಎಲ್ಲೂ ಸೋರ್ತಾ ಇಲ್ಲ."